ಮೂರು ಗಂಟೆಯ ಕೋಣೆ

ಮೂರು ಗಂಟೆಗೆ ಆ ಕೋಣೆಯಲ್ಲಿ ಇನ್ನು ಯಾರೂ ಕೂರಬೇಕಾಗಿಲ್ಲ ಎಂಬ ಸುತ್ತೋಲೆಯನ್ನು ಬರೆದವಳು ತಾನೇ ಆಗಿದ್ದರೂ, ಖಾಲಿ ಕುರ್ಚಿಗಳನ್ನು ಕಂಡಾಗ ಮಾರ್ಲಿಸ್ ಬಕಾರಿಚ್‌ಗೆ ತನ್ನೊಬ್ಬಳನ್ನು ಬಿಟ್ಟು ಎಲ್ಲರೂ ಬೇರೆಲ್ಲೋ ಸೇರಿದ್ದಾರೆ ಎನ್ನಿಸಿತು. ಬಾಗಿಲಲ್ಲಿ ನಿಂತೇ ನೋಡಿದಳು. ಕಾಫಿ ಪಾತ್ರೆಯ ಕೆಂಪು ದೀಪ ಉರಿಯುತ್ತಿತ್ತು. ಯಾರೋ ಅಭ್ಯಾಸಬಲದಿಂದ ಕಾಫಿಗೆ ಇಟ್ಟು ಹೋಗಿದ್ದರು. ಬೂದಿ ತಟ್ಟೆಯಲ್ಲಿ ಅರ್ಧ ಸೇದಿ ಒತ್ತಿದ ಸಿಗರೇಟು, ಅದರ ತುದಿಯಲ್ಲಿ ಕಿತ್ತಳೆ ಬಣ್ಣದ ತುಟಿಯ ಗುರುತು. ಪಾಳಿ ಬದಲಾಗುವ ಹೊತ್ತಿಗೆ ಹೋಗುವ ನರ್ಸುಗಳು ಬರುವವರಿಗೆ ಒಬ್ಬೊಬ್ಬ ರೋಗಿಯನ್ನೂ ಬಾಯಲ್ಲಿ ಹೇಳಿ ಒಪ್ಪಿಸುವುದು ಈ ಆಸ್ಪತ್ರೆಯಲ್ಲಿ ಅವಳಿಗಿಂತ ಹಳೆಯ ಪದ್ಧತಿ. ರಿಪೋರ್ಟ್ ಕೊಡುವುದು ಎನ್ನುತ್ತಿದ್ದರು. ಯಾರು ಉಂಡರು, ಯಾರು ಕಕ್ಕಿದರು, ಯಾರ ಗಾಯ ಕೀವು ಕಟ್ಟಿದೆ, ಯಾರ ಹೆಂಡತಿಗೆ ಲಿಫ್ಟಿನ ಬಾಗಿಲಲ್ಲೇ ಗಂಡನ ಇನ್ನೊಬ್ಬಳು ಎದುರಾದಳು. ಇವತ್ತಿನಿಂದ ಅದನ್ನೆಲ್ಲ ಕಾಗದವೊಂದೇ ಹೇಳುತ್ತದೆ. ವಾರ್ಡಿನಲ್ಲಿ ನರ್ಸುಗಳು ನಿಂತು ಬರೆಯುವ ಕಟ್ಟೆಯ ಮೇಲೆ ಟಿವಿಯಂಥ ಪರದೆ. ಅದರಲ್ಲಿ ಮೊದಲೇ ಬರೆದಿಟ್ಟ ಮಾತುಗಳ ಸಾಲು. ವೈರು ಕಟ್ಟಿದ ಬೆಳಕಿನ ಪೆನ್ನನ್ನು ಬೇಕಾದ ಸಾಲಿಗೆ ಹಿಡಿದು ಒತ್ತಿದರೆ ಆಯಿತು, ಪಾಳಿಯ ಕೊನೆಗೆ ಯಂತ್ರ ಎಲ್ಲವನ್ನೂ ಅಚ್ಚು ಹಾಕಿ ಕೊಡುತ್ತದೆ. ಇಡೀ ಸಾಂಟಾ ಕ್ಲಾರಾ ಕಣಿವೆಯಲ್ಲಿ ಇಂಥದ್ದು ಇನ್ನೊಂದು ಆಸ್ಪತ್ರೆಯಲ್ಲಿ ಇದೆಯೋ ಇಲ್ಲವೋ. ನೋಡುವುದಕ್ಕೆ ಬೇರೆ ಊರುಗಳಿಂದ ಸೂಟು ತೊಟ್ಟವರು ಬರುತ್ತಿದ್ದರು, ಅವರಿಗೆ ಪೆನ್ನು ಹಿಡಿದು ತೋರಿಸುವವಳು ಮಾರ್ಲಿಸ್. ಹಾಗೆ ತೋರಿಸುವಾಗ ತನ್ನ ಕೈ ಎಷ್ಟು ನಯವಾಗಿ ಕಾಣುತ್ತದೆ ಎಂದು ಅವಳಿಗೆ ಗೊತ್ತಿತ್ತು. ವಾರ್ಡು ಬಿಟ್ಟ ಮೇಲೆ ಆ ಕೈ ಬಿಸಿನೀರು, ಸೋಪು ಕಂಡಿರಲಿಲ್ಲ.

ಕಟ್ಟೆಯ ಹತ್ತಿರ ಗ್ಲೆಂಡಾ ಮತ್ತು ರೆಮಿ ನಿಂತಿದ್ದರು. ಗ್ಲೆಂಡಾ ಮೂರು ಗಂಟೆಯ ಪಾಳಿಯ ಮುಖ್ಯ ನರ್ಸು. ಮಾರ್ಲಿಸ್‌ಳ ಜೊತೆಗೇ ತರಬೇತಿ ಮುಗಿಸಿದವಳು, ಒಂದು ಕಾಲಕ್ಕೆ ಇಬ್ಬರೂ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದವರು. ರೆಮಿ ಫಿಲಿಪೀನ್ಸಿನ ಹುಡುಗಿ, ತನ್ನೂರಿನ ರೂಢಿಯಂತೆ ತನಗಿಂತ ದೊಡ್ಡವರನ್ನೆಲ್ಲ ಅಕ್ಕ ಎನ್ನುತ್ತಿದ್ದಳು. ಮಾರ್ಲಿಸ್‌ಳನ್ನು ಮಾತ್ರ ಮಿಸ್ ಬಕಾರಿಚ್ ಎನ್ನುತ್ತಿದ್ದಳು.

"ಏಳನೇ ಕೋಣೆ ತಾತ ಊಟ ಮಾಡ್ಲಿಲ್ಲ ಅಕ್ಕ, ಅವರ ಮಗ ಬಂದು..." ಎಂದು ಶುರುಮಾಡಿದ ರೆಮಿ ಮಾರ್ಲಿಸ್‌ಳನ್ನು ಕಂಡು ನಿಲ್ಲಿಸಿದಳು. "ಎಲ್ಲಾ ಕಾಗದದಲ್ಲಿದೆ."

"ಕಾಗದದಲ್ಲಿ ಮಗನೂ ಇದ್ದಾನಾ?" ಎಂದಳು ಗ್ಲೆಂಡಾ, ಕಾಗದವನ್ನು ಯಂತ್ರದಿಂದ ಹರಿದುಕೊಳ್ಳುತ್ತ.

"ಇಲ್ಲ."

"ಮತ್ತೆ ಎಲ್ಲಿ ಹೋದ, ಪಾಪ? ಪ್ರಿಂಟರ್‌ನಲ್ಲಿ ಸಿಕ್ಕಿಹಾಕ್ಕೊಂಡ್ನಾ ನೋಡು."

ಇಬ್ಬರೂ ನಕ್ಕರು. ಮಾರ್ಲಿಸ್ ಕೂಡ ನಕ್ಕಳು. ಅವಳ ನಗು ಸ್ವಲ್ಪ ತಡವಾಗಿ ಬಂದಿತು. ಅವರಿಬ್ಬರೂ ನಿಲ್ಲಿಸಿದ ಮೇಲೂ ಒಂದು ಗಳಿಗೆ ಒಬ್ಬಳೇ ನಗುತ್ತಿದ್ದಳು. "ಏನು ಮೇಡಮ್ಮು ಇಲ್ಲೇ ಕಾವಲು ನಿಂತಿದ್ದಾರೆ? ನಾವು ಕದ್ದು ಮಾತಾಡ್ತೀವಿ ಅಂತಲಾ?" ಎಂದಳು ಗ್ಲೆಂಡಾ. "ಹಾಗಲ್ಲ ಗ್ಲೆಂಡಾ. ಮೊದಲ್ನೇ ದಿನ ಅಲ್ವಾ, ಏನಾದ್ರೂ ತೊಂದ್ರೆ ಆದ್ರೆ..." "ಏನೂ ತೊಂದ್ರೆ ಇಲ್ಲ. ಇಪ್ಪತ್ತು ನಿಮಿಷ ಉಳೀತು. ಉಳಿದ ಇಪ್ಪತ್ತು ನಿಮಿಷ ಏನು ಮಾಡ್ಬೇಕು ಅಂತ ಅದರಲ್ಲಿ ಬರುತ್ತಾ?" ಅಷ್ಟು ಹೇಳಿ ಅವಳು ಔಷಧಿಯ ಗಾಡಿ ತಳ್ಳಿಕೊಂಡು ಹೊರಟಳು. ರೆಮಿ ಕೂಡ ಕ್ಯಾಪಿನ ಪಿನ್ನು ಬಿಚ್ಚುತ್ತ ಹೊರಟಳು. ಮಾರ್ಲಿಸ್‌ಳ ಕೈ ತಾನಾಗಿ ತನ್ನ ತಲೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಯಂತ್ರ ನೋಡಿಕೊಳ್ಳುವ ಈ ಹೊಸ ಕೆಲಸಕ್ಕೆ ಬಿಳಿ ಬಟ್ಟೆಯೂ ಇಲ್ಲ, ಕ್ಯಾಪೂ ಇಲ್ಲ. ಹೋದ ವಾರ ಮೂಳೆ ಮುರಿದುಕೊಂಡು ಮಲಗಿದ್ದ ಮುದುಕನೊಬ್ಬ ಅವಳನ್ನು ಕರೆದು, ನನ್ನ ಕೋಣೆಯ ಟಿವಿಯಲ್ಲೂ ಚಿತ್ರ ಬರ್ತಿಲ್ಲ, ಸ್ವಲ್ಪ ನೋಡಮ್ಮ ಎಂದಿದ್ದ. ಅವಳು ನೋಡಿ, ಸರಿಮಾಡಿಕೊಟ್ಟಿದ್ದಳು. ತಾನು ನರ್ಸು ಎಂದು ಹೇಳಬೇಕೆಂದು ಬಾಗಿಲ ತನಕ ಬಂದು ನಿಂತವಳು ಹೇಳದೆಯೇ ಹೋಗಿದ್ದಳು.

ಕಾಗದದ ಇನ್ನೊಂದು ಪ್ರತಿ ಕಟ್ಟೆಯ ಮೇಲಿತ್ತು. ತಪ್ಪುಗಳಿವೆಯೇ ನೋಡುವುದು ಅವಳ ಕೆಲಸ. ಕೆಲಸದ ಕಣ್ಣಿನಿಂದಲೇ ಓದತೊಡಗಿದಳು. ಒಂದನೇ ಕೋಣೆ, ಶಾಂತವಾಗಿ ಮಲಗಿದ್ದಾರೆ, ದೂರುಗಳಿಲ್ಲ. ಎರಡನೇ ಕೋಣೆ, ಶಾಂತವಾಗಿ ಮಲಗಿದ್ದಾರೆ. ಒಂಬತ್ತನೇ ಕೋಣೆ, ಹಾಲೊರನ್, ಥೆಲ್ಮಾ. ಶಾಂತವಾಗಿ ಮಲಗಿದ್ದಾರೆ, ದೂರುಗಳಿಲ್ಲ. ನಿನ್ನೆಯ ಕಾಗದದಲ್ಲೂ ಅದೇ ಇತ್ತು, ಮೊನ್ನೆಯದರಲ್ಲೂ. ಇದೇ ವಾರ್ಡನ್ನು ಅಷ್ಟು ವರ್ಷ ಆಳಿದ ಹೆಡ್ ನರ್ಸ್ ಮಿಸೆಸ್ ಹಾಲೊರನ್, ಮನೆಯ ಮೆಟ್ಟಿಲಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡು ಇದೇ ವಾರ್ಡಿಗೆ ಬಂದು ಮಲಗಿದ್ದಾರೆಂಬುದು ಮಾರ್ಲಿಸ್‌ಗೆ ಗೊತ್ತಾದದ್ದು ಯಾರೋ ಹೇಳಿದ್ದರಿಂದಲ್ಲ, ಈ ಕಾಗದದಿಂದ. ಗೊತ್ತಾದ ಮೇಲೂ ಅವಳು ಆ ಕೋಣೆಗೆ ಹೋಗಿರಲಿಲ್ಲ. ಪ್ರತಿದಿನ ಅವರ ಸಾಲನ್ನು ಓದಿ, ಚೆನ್ನಾಗಿದ್ದಾರೆ, ನಾಳೆ ಹೋಗೋಣ ಎಂದುಕೊಳ್ಳುತ್ತಿದ್ದಳು. ಯಂತ್ರ ಚೆನ್ನಾಗಿದ್ದಾರೆ ಎಂದು ಎಲ್ಲೂ ಹೇಳಿರಲಿಲ್ಲ.

ಆ ಸಾಲು ಪರದೆಯ ತಲೆಯಲ್ಲಿ ಕೂತದ್ದು ಹೇಗೆಂದು ಅವಳೊಬ್ಬಳಿಗೆ ಗೊತ್ತಿತ್ತು. ಕೆಳಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಅವಳು ಮತ್ತು ಡ್ವೈಟ್ ಎಂಬ ಇಂಜಿನಿಯರ್ ಹಳೆಯ ಕೇಸ್ ಕಾಗದಗಳ ಗುಡ್ಡೆಯ ನಡುವೆ ಕೂತು ನರ್ಸುಗಳ ಮಾತನ್ನು ಎಣಿಸಿದ ಆ ಚಳಿಗಾಲ. ಡ್ವೈಟ್ ಕ್ಷಿಪಣಿ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡು ಬಂದವನು, ಮೆತ್ತಗಿನ ಮನುಷ್ಯ, ರೋಗಿ ಎಂಬ ಪದ ಬಂದಾಗಲೆಲ್ಲ ದನಿ ತಗ್ಗಿಸುತ್ತಿದ್ದ. ನಿಮ್ಮ ಮಾತನ್ನು ನಾನು ಹುಟ್ಟಿಸಬಾರದು, ನೀವು ಹೇಗೆ ಬರೆಯುತ್ತೀರೋ ಹಾಗೇ ಇರಬೇಕು, ಹೆಚ್ಚು ಸಲ ಬಂದದ್ದು ಮೇಲೆ, ಕಡಿಮೆ ಬಂದದ್ದು ಕೆಳಗೆ, ಒಂದೇ ಸಲ ಬಂದದ್ದನ್ನು ಬಿಟ್ಟುಬಿಡೋಣ, ಪರದೆ ಇಷ್ಟೇ ಸಾಲು ಹಿಡಿಯುತ್ತದೆ ಎಂದಿದ್ದ. ಅದರಲ್ಲಿ ತಪ್ಪೇನು? ಡಾಕ್ಟರುಗಳು ಓದದೆಯೇ ಮಗುಚಿ ಹಾಕುತ್ತಿದ್ದ ನರ್ಸುಗಳ ಬರಹವನ್ನು ಒಬ್ಬ ಗಂಡಸು ಒಂದೊಂದೇ ಸಾಲು ಎತ್ತಿ ಎಣಿಸುತ್ತಿದ್ದಾನೆ ಎಂದು ಅವಳಿಗೆ ಹೆಮ್ಮೆಯೇ ಆಗಿತ್ತು. ಮತ್ತು ಡಾಕ್ಟರರ ಗೀಚಿನಿಂದ ಒಂದು ಮಗುವಿಗೆ ಹತ್ತುಪಟ್ಟು ಔಷಧಿ ಹೋದದ್ದನ್ನು ಅವಳು ಕಣ್ಣಾರೆ ಕಂಡವಳು. ಈ ಯಂತ್ರ ಬಂದ ಮೇಲೆ ಅಂಥದ್ದು ಆಗಿಲ್ಲ, ಆಗುವುದೂ ಇಲ್ಲ, ಇದನ್ನು ಗ್ಲೆಂಡಾ ಕೂಡ ಒಪ್ಪುತ್ತಾಳೆ. ಆದರೆ ಎಣಿಸುತ್ತ ಎಣಿಸುತ್ತ ಶಾಂತವಾಗಿ ಮಲಗಿದ್ದಾರೆ ಎಂಬುದು ಎಲ್ಲವನ್ನೂ ಮೀರಿ ಏರುತ್ತಿದ್ದಾಗ ಅವಳು ಡ್ವೈಟ್‌ನ ಕಡೆ ನೋಡಿ ಮತ್ತೆ ಪುಟಕ್ಕೆ ತಿರುಗಿದ್ದಳು. ಅದು ನೋಡದೆ ಬರೆಯುವ ಮಾತು ಎಂದು ಅವಳಿಗೆ ಗೊತ್ತಿತ್ತು. ಬಾಗಿಲಿಂದ ಟಾರ್ಚು ಬಿಟ್ಟು, ಹಾಸಿಗೆಯಲ್ಲಿ ಗುಡ್ಡೆಯಂತೇನೋ ಕಂಡರೆ ಬರೆಯುವುದು. ಅವಳೂ ಬರೆದಿದ್ದಾಳೆ, ಗ್ಲೆಂಡಾಳೂ ಬರೆದಿದ್ದಾಳೆ. ಅದನ್ನು ಡ್ವೈಟ್‌ಗೆ ಹೇಳಬೇಕಾದರೆ ನರ್ಸುಗಳೆಲ್ಲ ಸುಳ್ಳುಗಾರ್ತಿಯರು ಎಂದು ಹೊರಗಿನವನ ಮುಂದೆ ಒಪ್ಪಿಕೊಳ್ಳಬೇಕಿತ್ತು. ಅವಳು ಹೇಳಲಿಲ್ಲ. ಸುಳ್ಳು ಬಹುಮತದಿಂದ ಗೆದ್ದು ಮೇಲೆ ಹೋಗಿ ಕೂತಿತು.

ಬಿಟ್ಟುಹೋದ ಸಾಲುಗಳೋ. ಅವುಗಳಲ್ಲಿ ಬಹುಪಾಲು ಒಂದೇ ಕೈಯವು, ಬಲಕ್ಕೆ ವಾಲುವ, ಒತ್ತಿ ಬರೆದ ಅಕ್ಷರ. ಅಣ್ಣ ಬಂದು ಹೋದಮೇಲೆ ಗೋಡೆ ಕಡೆ ತಿರುಗಿದ್ದಾನೆ, ತಿರುಗಿಸಬೇಡಿ. ಹಲ್ಲುಸೆಟ್ಟು ಹಾಕಿಕೊಳ್ಳುವ ತನಕ ಡಾಕ್ಟರನ್ನು ಒಳಗೆ ಬಿಡಬೇಡಿ, ಆಕೆಗೆ ನಾಚಿಕೆ. ನೋವಿಲ್ಲ ಎನ್ನುತ್ತಾನೆ, ಹಾಸಿಗೆಯ ಕಂಬಿ ಹಿಡಿದ ಕೈ ನೋಡಿ. ಮಿಸೆಸ್ ಹಾಲೊರನ್ ಒಂದು ಮಾತನ್ನು ಎರಡು ಸಲ ಬರೆದವರಲ್ಲ. ಹಾಗಾಗಿ ಅವರು ಬರೆದದ್ದೆಲ್ಲ ಒಂದೊಂದೇ ಸಲ ಬಂದದ್ದು. ಡ್ವೈಟ್ ಅವುಗಳ ಮೇಲೆ ಗೀಟು ಎಳೆಯುತ್ತ ಹೋದ, ಮಾರ್ಲಿಸ್ ಪುಟ ತಿರುವುತ್ತ ಹೋದಳು. ಮಧ್ಯೆ ಒಮ್ಮೆ ಅವನು ಕೈ ನಿಲ್ಲಿಸಿ, "ಇವರು ಯಾರು?" ಎಂದು ಕೇಳಿದ್ದ. "ಹಳಬರು" ಎಂದಿದ್ದಳು.

ಒಂಬತ್ತನೇ ಕೋಣೆಯ ಬಾಗಿಲು ತೆರೆದಿತ್ತು. ಅದು ರಿಪೋರ್ಟ್ ಕೋಣೆಗೆ ಅಂಟಿಕೊಂಡ ಕೋಣೆ. ಮಿಸೆಸ್ ಹಾಲೊರನ್ ಕಣ್ಣು ಮುಚ್ಚಿಕೊಂಡು ಅಂಗಾತ ಮಲಗಿದ್ದರು. ಹೊದಿಕೆ ಎದೆಯ ತನಕ, ಅದರ ಮೇಲೆ ಎರಡು ಕೈ. ಇಷ್ಟು ಚಿಕ್ಕವರೇ ಇವರು ಎಂದು ಮಾರ್ಲಿಸ್‌ಗೆ ಗಾಬರಿಯಾಯಿತು. ಹದಿನೆಂಟರ ಅವಳು ಮೊದಲ ಸಲ ಈ ವಾರ್ಡಿಗೆ ಬಂದಾಗ ಈ ಹೆಂಗಸಿನ ಬೂಟಿನ ಸದ್ದಿಗೆ ಅವಳು ಹೊದಿಕೆಯ ಅಂಚನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು. ಅದಕ್ಕೆ ಹಿಂದಿನ ಬೇಸಿಗೆಯವರೆಗೂ ಅವಳು ಅಮ್ಮನ ಜೊತೆ ಜರ್ದಾಳು ಹಣ್ಣಿನ ಕೊಟ್ಟಿಗೆಯಲ್ಲಿ ಹಣ್ಣು ಸೀಳಿ ಬೀಜ ತೆಗೆದು ಒಣಗಿಸಲು ಹರಡುತ್ತಿದ್ದವಳು. ಅಲ್ಲಿ ಹೆಂಗಸರು ಚಾಕು ಓಡಿಸುತ್ತ ದಿನವಿಡೀ ಮಾತಾಡುತ್ತಿದ್ದರು, ತಾವು ಬಿಟ್ಟುಬಂದ ಕ್ರೊಯೇಷಿಯಾದ ಮಾತಿನಲ್ಲಿ, ಯಾರದೋ ಬಸಿರು, ಯಾರದೋ ಸಾವು, ಹಣ್ಣಿನ ರಸ ಮೊಣಕೈತನಕ ಹರಿದು ನೊಣ ಮುತ್ತಿದರೂ ಮಾತು ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯ ಮೊದಲ ದಿನ ಮೂರು ಗಂಟೆಗೆ ಆ ಕೋಣೆಯಲ್ಲಿ ಹೊಗೆಯ ನಡುವೆ ಕೂತಾಗ ಅವಳಿಗೆ ಕೊಟ್ಟಿಗೆಗೇ ವಾಪಸು ಬಂದಂತಾಗಿ ಕಣ್ಣು ತುಂಬಿತ್ತು. ಮಿಸೆಸ್ ಹಾಲೊರನ್ ಅದನ್ನು ಕಂಡು, ಹೊಗೆಗೆ ಕಣ್ಣು ಉರಿಯೋದಾದ್ರೆ ಕಿಟಕಿ ಹತ್ರ ಕೂತ್ಕೋ ಹುಡುಗಿ ಎಂದಿದ್ದರು. ಕೊಟ್ಟಿಗೆಯಿದ್ದ ಜಾಗದಲ್ಲಿ ಈಗ ಯಾವುದೋ ಕಾರ್ಖಾನೆಯ ಕಾರು ನಿಲ್ಲಿಸುವ ಬಯಲು. ಕಣ್ಣು ಮುಚ್ಚಿದ ಮುಖವನ್ನು ನೋಡಿ ಅವಳಿಗೆ ಹಗುರವೆನ್ನಿಸಿತು. ಯಂತ್ರ ಹೇಳಿದ್ದು ಸರಿಯಾಗಿಯೇ ಇತ್ತು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು.

"ಮಲಗಿರೋದು ನೋಡಿ ಖುಷಿಯಾಯ್ತಾ?" ಮಿಸೆಸ್ ಹಾಲೊರನ್ ಕಣ್ಣು ತೆರೆಯಲಿಲ್ಲ. "ಹಿಮ್ಮಡಿ ಎಳೆದು ನಡೆಯೋಳು ಬಕಾರಿಚ್ ಒಬ್ಬಳೇ. ಒಳಗೆ ಬಾ."

"ನಿದ್ದೆ ಮಾಡ್ತಿದ್ದೀರಿ ಅನ್ಕೊಂಡೆ, ಮಿಸೆಸ್ ಹಾಲೊರನ್."

"ಎಲ್ಲರೂ ಹಾಗೇ ಅನ್ಕೊಳ್ಳೋದು. ಹಾಗೇ ಅನ್ಕೊಳ್ಳಲಿ ಅಂತಲೇ ನಾನೂ ಮಲಗಿರೋದು." ಈಗ ಕಣ್ಣು ತೆರೆದರು. "ಕ್ಯಾಪ್ ಎಲ್ಲೇ?"

"ನಾನೀಗ ವಾರ್ಡಿನಲ್ಲಿಲ್ಲ."

"ಗೊತ್ತು. ಟೆಲಿವಿಷನ್ ಕಂಪನಿ ಸೇರಿದೆಯಂತೆ. ಒಳ್ಳೇದೇ. ನಿನಗೆ ಬೆನ್ನು ಒರೆಸೋಕೆ ಯಾವತ್ತೂ ಸರಿಯಾಗಿ ಬರಲಿಲ್ಲ." ಅದು ಸುಳ್ಳು, ಬೆನ್ನು ಒರೆಸುವುದರಲ್ಲಿ ಅವಳಂಥವಳಿಲ್ಲ ಎಂದು ಅವರೇ ಒಮ್ಮೆ ಹೇಳಿದ್ದರು. ಮರೆತಿದ್ದಾರೋ, ಕೆಣಕುತ್ತಿದ್ದಾರೋ ತಿಳಿಯಲಿಲ್ಲ. ಕೂರು ಎನ್ನಲಿಲ್ಲವಾದ್ದರಿಂದ ಅವಳು ನಿಂತೇ ಇದ್ದಳು. "ಒಂದು ಕೇಳಲಾ? ಇವತ್ತು ಯಾಕೆ ಯಾರೂ ನಗಲಿಲ್ಲ?"

"ಯಾರು?"

"ಆ ಕಡೆ." ಮಿಸೆಸ್ ಹಾಲೊರನ್ ಗಲ್ಲದಿಂದ ಗೋಡೆಯನ್ನು ತೋರಿಸಿದರು. "ದಿನಾ ಮೂರು ಗಂಟೆಗೆ ಕೂರ್ತಾರೆ. ಮಾತು ಪೂರ್ತಿ ಕೇಳಿಸಲ್ಲ, ಗುಂಯ್ ಅನ್ನುತ್ತೆ. ನನ್ನ ಸರದಿ ಬಂದಾಗ ಮಾತ್ರ ಗೊತ್ತಾಗುತ್ತೆ, ಅವಳೊಬ್ಬಳು ನನ್ನ ಥರ ಮಾತಾಡಿ ತೋರಿಸ್ತಾಳೆ. ಗ್ಲೆಂಡಾನೇ ಇರ್ಬೇಕು. ಚೆನ್ನಾಗಿ ಮಾಡ್ತಾಳೆ ಕಣೇ, ಮೂಗಿನಲ್ಲಿ. ಎಲ್ಲರೂ ಬಿದ್ದು ಬಿದ್ದು ನಗ್ತಾರೆ. ನಾನು ಮಧ್ಯಾಹ್ನ ಊಟ ಆದ್ಮೇಲೆ ಅದಕ್ಕೇ ಕಾಯ್ತಿರ್ತೀನಿ. ಇವತ್ತು ಕಾದೆ. ಮೂರಾಯ್ತು, ಮೂರೂವರೆ ಆಯ್ತು. ಯಾರಾದ್ರೂ ಸತ್ರಾ?"

ಇಲ್ಲ ಎನ್ನಬೇಕಿತ್ತು, ನಾನೇ ನಿಲ್ಲಿಸಿದೆ ಎನ್ನಬೇಕಿತ್ತು. "ಇವತ್ತು ಬೇಗ ಮುಗೀತು" ಎಂದಳು ಮಾರ್ಲಿಸ್.

ಮಿಸೆಸ್ ಹಾಲೊರನ್ ಅವಳನ್ನು ಬಹಳ ಹೊತ್ತು ನೋಡಿದರು. ವಿದ್ಯಾರ್ಥಿನಿಯಾಗಿದ್ದಾಗ ಅದೇ ನೋಟದ ಮುಂದೆ ಅವಳು ಒಡೆದ ಥರ್ಮಾಮೀಟರುಗಳನ್ನು ಒಪ್ಪಿಕೊಂಡಿದ್ದಳು. "ಹಾಗಾದ್ರೆ ನೀನು ಕೊಡು" ಎಂದರು. "ನನ್ನ ರಿಪೋರ್ಟ್. ಪಾಳಿಯೋರು ಕೂತಿದ್ದಾರೆ ಅನ್ಕೋ. ನೆಟ್ಟಗೆ ನಿಂತ್ಕೋ. ಹೂಂ."

ಅವಳು ನೆಟ್ಟಗೆ ನಿಂತಳು. "ಮಿಸೆಸ್ ಥೆಲ್ಮಾ ಹಾಲೊರನ್, ಬಲ ಸೊಂಟದ ಮೂಳೆ ಮುರಿತ, ಆಪರೇಷನ್ ಆಗಿದೆ. ಎಚ್ಚರವಾಗಿದ್ದಾರೆ." ಬಾಯಿ ತಾನಾಗಿ ಮುಂದುವರಿಯಿತು. "ಶಾಂತವಾಗಿ ಮಲಗಿದ್ದಾರೆ. ದೂರುಗಳಿಲ್ಲ."

"ಯಾರನ್ನ ಕೇಳ್ದೆ?"

"ಸಹಕರಿಸುತ್ತಾರೆ" ಎಂದಳು. ಕಣ್ಣ ಮುಂದೆ ಪರದೆ ಹಸಿರಾಗಿ ಹೊಳೆಯುತ್ತಿತ್ತು. ಅವಳು ಒಂದೊಂದೇ ಸಾಲು ಕೆಳಗಿಳಿಯುತ್ತಿದ್ದಳು. "ಊಟ, ಸಾಧಾರಣ. ಮನಃಸ್ಥಿತಿ..." ಮನಃಸ್ಥಿತಿಗೆ ನಾಲ್ಕು ಸಾಲುಗಳಿದ್ದವು: ಲವಲವಿಕೆ, ಶಾಂತ, ಆತಂಕ, ಗೊಂದಲ. ನಾಲ್ಕನ್ನೂ ಈ ಮುಖಕ್ಕೆ ಹಿಡಿದು ನೋಡಿದಳು. ಯಾವುದೂ ಕೂರಲಿಲ್ಲ. ಐದನೆಯದಕ್ಕಾಗಿ ಒಳಗೆಲ್ಲ ತಡಕಾಡಿದಳು, ಹಿಂದೆ ಅಲ್ಲಿ ಏನೇನೋ ಇದ್ದವು, ಕೈಗೆ ಏನೂ ತಗಲಲಿಲ್ಲ. ಮಿಸೆಸ್ ಹಾಲೊರನ್ ಬೈಯಬಹುದಿತ್ತು, ಬೈಯಲಿಲ್ಲ. "ಹೋಗ್ಲಿ ಬಿಡು" ಎಂದರು, ಅಪರಿಚಿತರೊಬ್ಬರಿಗೆ ಹೇಳುವ ಮರ್ಯಾದೆಯ ದನಿಯಲ್ಲಿ. "ನಿಮಗೂ ಕೆಲಸ ಇರುತ್ತೆ." ಮತ್ತೆ ಕಣ್ಣು ಮುಚ್ಚಿಕೊಂಡರು.

ನಿಮಗೂ. ಆ ಒಂದು ಬಹುವಚನ ಹೊತ್ತುಕೊಂಡು ಅವಳು ಹೊರಗೆ ಬಂದಳು. ಲಿಫ್ಟಿನ ಕಡೆ ಹೋಗಬೇಕಾದ ಕಾಲು ರಿಪೋರ್ಟ್ ಕೋಣೆಯೊಳಗೆ ಹೋಯಿತು. ಕಾಫಿ ಬತ್ತಿ ಸೀದು ವಾಸನೆ ಬರುತ್ತಿತ್ತು, ಸ್ವಿಚ್ಚು ಆರಿಸಿದಳು. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತಳು, ಎದ್ದಳು. ಈ ಗೋಡೆಯ ಆಚೆ ಒಂದು ಕಿವಿ ಇತ್ತು. ಅದು ಈಗಲೂ ಕಾಯುತ್ತಿದೆಯೋ, ಕಾಯುವುದನ್ನು ಬಿಟ್ಟಿದೆಯೋ. ಅವಳು ನೆಟ್ಟಗೆ ನಿಂತು, ಖಾಲಿ ಕುರ್ಚಿಗಳ ಕಡೆ ಮುಖ ಮಾಡಿ, ಗೋಡೆಯಾಚೆಗೆ ಮುಟ್ಟುವಷ್ಟು ಗಟ್ಟಿಯಾಗಿ ಹೇಳತೊಡಗಿದಳು. ಮೊದಲು ದನಿ ತನ್ನದೇ ಅಲ್ಲವೆನ್ನಿಸಿ ನಾಚಿಕೆಯಾಯಿತು.

"ಒಂಬತ್ತನೇ ಕೋಣೆ, ಮಿಸೆಸ್ ಥೆಲ್ಮಾ ಹಾಲೊರನ್. ಕಣ್ಣು ಮುಚ್ಚಿದ್ರೆ ನಿದ್ದೆ ಅಂತ ತಿಳ್ಕೋಬೇಡಿ. ಕರೆಗಂಟೆ ಒತ್ತಲ್ಲ. ಒತ್ತೋದು ರೋಗಿಗಳು, ತಾನು ರೋಗಿಯಲ್ಲ ಅಂತ ಇನ್ನೂ ನಂಬ್ಕೊಂಡಿದ್ದಾರೆ. ನೀರಿನ ಲೋಟ ಎಡಗಡೆ ಇಟ್ಟಿದ್ದೀರಿ, ಅವರ ಎಡಗೈ ಅಷ್ಟು ದೂರ ಹೋಗಲ್ಲ, ಲೋಟ ತುಂಬಿದ ಹಾಗೇ ಇದೆ. ತುಟಿ ಒಡೆದಿದೆ. ಬೈದ್ರೆ ಬೈಸ್ಕೊಳ್ಳಿ, ಬೈಯೋದು ನಿಲ್ಸಿ ಮರ್ಯಾದೆ ಕೊಟ್ರೆ ಭಯಪಡಿ. ಮೂರು ಗಂಟೆಗೆ..." ಇಲ್ಲಿ ಅವಳು ಗೋಡೆಯ ಕಡೆ ತಿರುಗಿದಳು. "ಮೂರು ಗಂಟೆಗೆ ಈ ಕೋಣೆಯ ಮಾತು ಕೇಳ್ಕೊಂಡು ಮಲಗಿರ್ತಿದ್ರು. ಅದನ್ನ ನಿಲ್ಸಿದ್ದು ನಾನು. ಬೇಗ ಮುಗೀತು ಅಂತ ಅವರಿಗೆ ಸುಳ್ಳು ಹೇಳ್ದೆ."

"ಹಿಮ್ಮಡಿ ನೋಡಿದೆಯೇನೇ?"

ಮೂಗಿನಲ್ಲಿ ಬಂದ ದನಿ, ಥೇಟ್ ಮಿಸೆಸ್ ಹಾಲೊರನ್‌ರದು. ಮಾರ್ಲಿಸ್ ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಗ್ಲೆಂಡಾ, ಒಂದು ಕೈಯಲ್ಲಿ ಸಿಗರೇಟಿನ ಪೊಟ್ಟಣ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಣಕದ ದನಿ ಅಭ್ಯಾಸದಿಂದ ಬಂದಿತ್ತು. ಅವಳ ಮುಖದಲ್ಲಿ ನಗು ಇರಲಿಲ್ಲ. ಈಗ ತನ್ನದೇ ದನಿಯಲ್ಲಿ ಮತ್ತೆ ಕೇಳಿದಳು: "ಹಿಮ್ಮಡಿ ನೋಡ್ದೆಯಾ ಮಾರ್ಲಿಸ್? ಇಷ್ಟೆಲ್ಲ ಹೇಳ್ದೆಯಲ್ಲ, ಸೊಂಟ ಮುರಿದು ದಿನಗಟ್ಲೆ ಅಂಗಾತ ಮಲಗಿದ್ರೆ ಹಾಸಿಗೆ ಒತ್ತಿ ಹಿಮ್ಮಡಿ ಹುಣ್ಣಾಗುತ್ತೆ."

ವರ್ಷಗಳಿಂದ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಒಬ್ಬ ನರ್ಸು ಇನ್ನೊಬ್ಬ ನರ್ಸನ್ನು ಕೇಳುವ ಪ್ರಶ್ನೆ. ಅದರ ಸುಖ ಎದೆಗೆ ಇಳಿಯುವ ಮೊದಲೇ ಉತ್ತರ ನಾಲಗೆಗೆ ಬಂದಿತ್ತು. ಹೊದಿಕೆಯನ್ನು ಅವಳು ಮುಟ್ಟಿಯೇ ಇರಲಿಲ್ಲ.

"ಇಲ್ಲ."

"ನಾನೂ ನೋಡಿಲ್ಲ" ಎಂದಳು ಗ್ಲೆಂಡಾ. "ನಾಲ್ಕು ದಿನದಿಂದ ನಾನೂ ಬಾಗಿಲಿಂದಲೇ ಇಣುಕಿ ಹೋಗಿ ಪೆನ್ನು ಒತ್ತಿದ್ದು. ಆ ಮುದುಕಿ ಕಂಡ್ರೆ ನನಗೆ ಇವತ್ತಿಗೂ ಭಯ." ಸಿಗರೇಟನ್ನು ಜೇಬಿಗೆ ಹಾಕಿಕೊಂಡು ತಿರುಗಿದಳು. ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮಾರ್ಲಿಸ್ ಒಂದು ಹೆಜ್ಜೆ ಹಿಂದೆ ನಡೆದಳು. ಒಂಬತ್ತನೇ ಕೋಣೆಯಲ್ಲಿ ಗ್ಲೆಂಡಾ ಹಾಸಿಗೆಯ ಸುತ್ತ ಪರದೆ ಎಳೆದಳು. ಪರದೆ ಎಳೆದಾಗ ಮಾರ್ಲಿಸ್ ಅದರ ಹೊರಗೇ ಉಳಿದಳು. ಒಳಗೆ ಹೊದಿಕೆ ಸರಿದ ಸದ್ದು. ಆಮೇಲೆ ಗ್ಲೆಂಡಾಳ ಉಸಿರು, "ಅಯ್ಯೋ, ಮಿಸೆಸ್ ಹಾಲೊರನ್, ಹೇಳಬಾರದಿತ್ತಾ?" ಆಮೇಲೆ ಆ ಇನ್ನೊಂದು ದನಿ, ಗೊಗ್ಗರು, ಸಿಟ್ಟಿನದು: "ಹೇಳಿದ್ಮೇಲೆ ನೋಡೋದಾದ್ರೆ ನರ್ಸ್ ಯಾಕಾಗ್ಬೇಕಿತ್ತು?" ಆಮೇಲೆ, ಅದೇ ಸಿಟ್ಟಿನಲ್ಲಿ, "ಅವಳು ಹೋದಳಾ, ಅಲ್ಲೇ ಇದ್ದಾಳಾ?"

"ಇದ್ದೀನಿ" ಎಂದಳು ಮಾರ್ಲಿಸ್.

"ಸುಮ್ನೆ ನಿಂತಿದ್ದಾಳೆ. ನಿಂತ್ಕೊಂಡೇ ಇರ್ತಾಳೆ. ಕಾಲ ಕೆಳಗೆ ಕೊಡೋಕೆ ಎರಡು ದಿಂಬು ತಗೊಂಡ್ಬಾ ಅಂತ ಹೇಳು ಅವಳಿಗೆ."

ಅವಳು ಓಡಿದಳು. ಓಣಿಯ ನಡುವಿಗೆ ಬಂದ ಮೇಲೆ ಈ ವಾರ್ಡಿನಲ್ಲಿ ಈಗ ದಿಂಬುಗಳನ್ನು ಎಲ್ಲಿಡುತ್ತಾರೆ ಎಂದು ತನಗೆ ಗೊತ್ತಿಲ್ಲವೆಂದು ಹೊಳೆದು ನಿಂತಳು. ಒಂದು ಬಾಗಿಲು ತೆರೆದಳು, ಪೊರಕೆಗಳು. ಇನ್ನೊಂದನ್ನು ಎಳೆದಳು, ಬೀಗ. ಕಟ್ಟೆಯ ಬಳಿ ಮೂರು ಗಂಟೆಯ ಪಾಳಿಯ ಹೊಸ ಹುಡುಗಿಯರು ಆ ಕಡೆ ಮುಖ ಮಾಡಿ ನಿಂತಿದ್ದರು. ಅವರಲ್ಲಿ ಒಬ್ಬರ ಹೆಸರೂ ಅವಳಿಗೆ ಗೊತ್ತಿರಲಿಲ್ಲ. "ದಿಂಬು ಎಲ್ಲಿಟ್ಟಿದ್ದೀರಿ?" ಎಂದು ಕೇಳಿದಳು. ಪ್ರಿಂಟರ್ ಓಡುತ್ತಿತ್ತು, ಯಾರೂ ತಿರುಗಲಿಲ್ಲ. ಅವಳು ಹತ್ತಿರ ಹೋಗಿ ಇನ್ನೊಂದು ಸಲ, ಜೋರಾಗಿ ಕೇಳಿದಳು.